ಹಗೇವಿಗೆ ಇಳಿಯುವ ಮುನ್ನ ದೀಪ

ಮಾರ್ಚ್ ತಿಂಗಳ ಸಂಜೆ. ಸಾವಳಗಿ ಸುತ್ತಲಿನ ತೋಟಗಳಲ್ಲಿ ದ್ರಾಕ್ಷಿ ಕೊಯ್ಲು ಮುಗಿಯುತ್ತ ಬಂದಿರುತ್ತದೆ. ಶೆಡ್ಡುಗಳ ನೆರಳುಪರದೆಯ ಹಿಂದೆ ಗೊಂಚಲುಗಳು ಒಣಗಿ ಮಣೂಕ ಆಗುತ್ತಿರುತ್ತವೆ. ಊರೊಳಗಿನ ಹಳೆಯ ಓಣಿಯಲ್ಲಿ ಮನೆ ಮುಂದಿನ ಕಟ್ಟೆಯ ಮೇಲೆ ಹಿರಿಯ ಜೀವಗಳೆರಡು ಕೂತಿರುತ್ತವೆ. ದೊಡ್ಡ ಮಗ ಪುಣೆಯಲ್ಲಿ, ಸಣ್ಣವ ಬೆಂಗಳೂರಲ್ಲಿ, ಮಗಳನ್ನು ಅಥಣಿ ಕಡೆ ಕೊಟ್ಟಿದ್ದಾರೆ. ಹಿಂದೆ ನಾಲ್ಕು ಖೋಲಿಯ ಸ್ಲ್ಯಾಬಿನ ಮನೆ. ಮುಂದೆ ಬಿ.ಪಿ., ಶುಗರ್ ಗುಳಿಗೆಯ ಖಾಲಿ ಚೀಟಿ.

‘ಮನಿ ಐತ್ರಿ, ಕೈಯಾಗ ರೊಕ್ಕಿಲ್ಲ’ ಎಂಬ ಮಾತು ಇಂಥ ಕಟ್ಟೆಗಳ ಮೇಲೆ ಮತ್ತೆ ಮತ್ತೆ ಕೇಳುತ್ತದೆ. ಲಕ್ಷಗಟ್ಟಲೆ ಬಾಳುವ ಗೋಡೆಯ ನಡುವೆ ಕೂತವರು ಔಷಧಕ್ಕೆ ಮಗನ ಫೋನ್ ಪೇ ಸದ್ದಿಗಾಗಿ ಕಾಯುತ್ತಾರೆ. ಮಗ ಕಳಿಸುವುದು ಎರಡು ದಿನ ತಡವಾದರೂ ಕೇಳಲು ನಾಲಿಗೆ ಏಳುವುದಿಲ್ಲ.

ಈ ತಲೆಮಾರು ಕೈಕಟ್ಟಿ ಕೂತದ್ದಲ್ಲ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ರೈತರೇ ದುಡ್ಡು, ಬೆವರು ಹಾಕಿ ಶ್ರಮಬಿಂದು ಸಾಗರ ಬ್ಯಾರೇಜ್ ಕಟ್ಟಿದರು. ಆಗ ಮೂವತ್ತರ ಹರೆಯದಲ್ಲಿದ್ದವರು ಈಗ 65 ದಾಟಿದ್ದಾರೆ. ದುಡಿದದ್ದನ್ನೆಲ್ಲ ಅವರು ಹೊಲಕ್ಕೆ, ಮಕ್ಕಳ ಶಾಲೆಗೆ, ಮದುವೆಗೆ, ಕೊನೆಗೆ ಮನೆಯ ಗೋಡೆಗೆ ಹಾಕಿದರು. ತಮ್ಮ ಮುಪ್ಪಿಗೆಂದು ಬೇರೆ ಗಂಟು ಕಟ್ಟಿಕೊಂಡವರು ಕಡಿಮೆ.

ಆ ಗೋಡೆಯಲ್ಲಿ ಸೇರಿದ ದುಡ್ಡನ್ನು ಮನೆ ಬಿಡದೆ ಸ್ವಲ್ಪಸ್ವಲ್ಪವಾಗಿ ಹೊರತೆಗೆಯುವ ದಾರಿಯೊಂದು ದೇಶದಲ್ಲಿ 2007ರಿಂದ ಇದೆ. ಅದರ ಹೆಸರು ರಿವರ್ಸ್ ಮಾರ್ಟ್‌ಗೇಜ್. ಹೆಸರು ಕೇಳಿದವರು ಹಲವರು, ಅದು ನಡೆಯುವ ಬಗೆ ತಿಳಿದವರು ಕೆಲವರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹಿರಿಯರಿಗೆ ಇದು ಎಷ್ಟು ಆಗಿಬರುತ್ತದೆ ಎಂಬುದು ಇನ್ನೂ ಮುಖ್ಯ ಪ್ರಶ್ನೆ.

ಹಗೇವಿನಿಂದ ಕಾಳು ತೆಗೆದಂತೆ

ನಮ್ಮ ಭಾಗದ ಹಳಬರಿಗೆ ಹಗೇವು ಗೊತ್ತು. ಸುಗ್ಗಿಯಲ್ಲಿ ಜೋಳ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಮೆತ್ತಿದ ನೆಲದೊಳಗಿನ ಕಣಜ. ಬರ ಬಂದಾಗ ತೆರೆದು ಬೇಕಾದಷ್ಟು ಕಾಳು ತೆಗೆಯುತ್ತಿದ್ದರು. ಸ್ವಂತ ದುಡಿಮೆಯಲ್ಲಿ ಕಟ್ಟಿದ ಮನೆಯೂ ಒಂದು ಹಗೇವು. ನಲವತ್ತು ವರ್ಷ ತುಂಬಿದ್ದೇ ಆಯಿತು, ತೆಗೆದದ್ದಿಲ್ಲ.

ಸಾಮಾನ್ಯ ಮನೆಸಾಲದಲ್ಲಿ ಬ್ಯಾಂಕು ಮೊದಲಿಗೇ ದೊಡ್ಡ ಮೊತ್ತ ಕೊಡುತ್ತದೆ, ನಾವು ತಿಂಗಳು ತಿಂಗಳು ಕಂತು ಕಟ್ಟುತ್ತೇವೆ. ಸಾಲ ಇಳಿಯುತ್ತ ಹೋಗಿ ಒಂದು ದಿನ ಉತಾರದ ಮೇಲಿನ ಬೋಜಾ ಕಳೆಯುತ್ತದೆ. ರಿವರ್ಸ್ ಮಾರ್ಟ್‌ಗೇಜಿನಲ್ಲಿ ಇದು ತಿರುಗುಮುರುಗು. ಹಿರಿಯರು ಮನೆಯನ್ನು ಗಹಾಣ ಇಡುತ್ತಾರೆ, ಬ್ಯಾಂಕು ಅವರಿಗೆ ತಿಂಗಳು ತಿಂಗಳು ಕಂತು ಕೊಡುತ್ತದೆ. ಸಾಲ ಸಣ್ಣದರಿಂದ ಶುರುವಾಗಿ ಬೆಳೆಯುತ್ತ ಹೋಗುತ್ತದೆ.

ಬದುಕಿರುವಷ್ಟು ಕಾಲ ಅವರು ಅದೇ ಮನೆಯಲ್ಲಿ ಇರುತ್ತಾರೆ, ಮನೆ ಅವರ ಹೆಸರಿನಲ್ಲೇ ಇರುತ್ತದೆ. ಅಸಲು, ಬಡ್ಡಿ ಯಾವುದನ್ನೂ ಜೀವಮಾನದಲ್ಲಿ ಕಟ್ಟಬೇಕಿಲ್ಲ. ಗಂಡ ಹೆಂಡತಿ ಇಬ್ಬರೂ ಸಾಲಗಾರರಾಗಿದ್ದರೆ ಇಬ್ಬರಲ್ಲಿ ಕೊನೆಯವರು ತೀರಿಕೊಂಡಾಗ, ಇಲ್ಲವೇ ಮನೆಯನ್ನು ಕಾಯಂ ಆಗಿ ಬಿಟ್ಟು ಹೋದಾಗ ಸಾಲ ತೀರಿಸುವ ಸಮಯ ಬರುತ್ತದೆ.

ಆಗ ಮೊದಲ ಹಕ್ಕು ವಾರಸುದಾರರಿಗೆ. ಅವರು ಅಸಲು, ಬಡ್ಡಿ ಕಟ್ಟಿ ಮನೆ ಉಳಿಸಿಕೊಳ್ಳಬಹುದು. ಆಗದಿದ್ದರೆ ಬ್ಯಾಂಕು ಮನೆ ಮಾರಿ ತನ್ನ ಬಾಕಿ ತೆಗೆದುಕೊಂಡು ಉಳಿದದ್ದನ್ನು ವಾರಸುದಾರರಿಗೆ ಕೊಡುತ್ತದೆ. ಮಾರಿದ ದುಡ್ಡು ಸಾಲಕ್ಕೆ ಸಾಲದಿದ್ದರೆ ಆ ನಷ್ಟ ಬ್ಯಾಂಕಿನದು. ಮಕ್ಕಳ ಹೊಲಕ್ಕೋ ಪಗಾರಕ್ಕೋ ಅದು ಕೈಹಾಕುವಂತಿಲ್ಲ. ಗಹಾಣ ಎಂದರೆ ಮನೆಮಂದಿಯೆಲ್ಲ ಬೀದಿಗೆ ಬೀಳುವುದು ಎಂಬ ಸಾವಕಾರಿ ಕಾಲದ ಭಯ ಇನ್ನೂ ಎದೆಯಲ್ಲಿರುವ ಮನೆಗಳಿಗೆ ಈ ಮಾತನ್ನು ಒತ್ತಿ ಹೇಳಬೇಕು.

ಎಲ್ಲಿಂದ ಬಂತು

ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಲ್ಲಿ 1961ರಲ್ಲಿ ಒಬ್ಬ ವಿಧವೆಗೆ ಮನೆ ಬಿಡದೆ ಬಾಳಲು ಅನುವಾಗಲೆಂದು ಅಲ್ಲಿನ ಒಂದು ಸಾಲಸಂಸ್ಥೆ ಇಂಥ ಸಾಲ ಕೊಟ್ಟಿತು. ಇದನ್ನೇ ಮೊದಲ ರಿವರ್ಸ್ ಮಾರ್ಟ್‌ಗೇಜ್ ಎನ್ನುತ್ತಾರೆ. 1988ರಲ್ಲಿ ಅಲ್ಲಿನ ಸರ್ಕಾರ ಕಾನೂನು ಮಾಡಿ, 62 ದಾಟಿದವರ ಇಂಥ ಸಾಲಗಳಿಗೆ ವಿಮೆಯ ರಕ್ಷಣೆ ಕೊಟ್ಟಿತು.

ನಮ್ಮಲ್ಲಿ 2007-08ರ ಕೇಂದ್ರ ಬಜೆಟ್ಟಿನಲ್ಲಿ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ ಈ ಯೋಜನೆಯನ್ನು ಘೋಷಿಸಿದರು. ಅದೇ ವರ್ಷ ರಾಷ್ಟ್ರೀಯ ವಸತಿ ಬ್ಯಾಂಕು ಮಾರ್ಗಸೂಚಿ ಹೊರಡಿಸಿತು. ಸ್ಟೇಟ್ ಬ್ಯಾಂಕ್, ಪಂಜಾಬ್ ನ್ಯಾಷನಲ್ ಬ್ಯಾಂಕ್ ಮೊದಲಾದವು ತಮ್ಮ ಯೋಜನೆ ತಂದವು. ಕಂತಾಗಿ ಬರುವ ಈ ದುಡ್ಡು ಆದಾಯವಲ್ಲ, ಸಾಲ. ಹಾಗಾಗಿ ತೆರಿಗೆ ಇಲ್ಲ ಎಂದು 2008ರ ಹಣಕಾಸು ಕಾಯ್ದೆ ಸ್ಪಷ್ಟಪಡಿಸಿತು.

ಪಂಜಾಬ್ ನ್ಯಾಷನಲ್ ಬ್ಯಾಂಕು ತನ್ನ ಯೋಜನೆಗೆ ಇಟ್ಟ ಹೆಸರು ‘ಬಾಗ್‌ಬಾನ್’. ಮಕ್ಕಳ ಮನೆಗಳಲ್ಲಿ ಬೇರೆಬೇರೆಯಾಗಿ ಹಂಚಿಹೋಗುವ ಮುದಿ ದಂಪತಿಯ ಹಿಂದಿ ಸಿನಿಮಾದ ಹೆಸರೂ ಅದೇ. ಕನ್ನಡಿಗರಿಗೆ ಈ ನೋವು ಹೊಸದಲ್ಲ. ಬಿ.ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ 1958ರಲ್ಲೇ ನಿವೃತ್ತ ಮೇಷ್ಟ್ರೊಬ್ಬರ ಬಾಳಿನಲ್ಲಿ ಇದನ್ನು ತೋರಿಸಿತ್ತು.

ಯಾರಿಗೆ, ಯಾವ ಮನೆಗೆ

ಸಾಲ ಕೇಳುವವರಿಗೆ 60 ತುಂಬಿರಬೇಕು. ದಂಪತಿ ಸೇರಿ ಕೇಳುವುದಾದರೆ ಒಬ್ಬರಿಗೆ 60, ಇನ್ನೊಬ್ಬರಿಗೆ ಕನಿಷ್ಠ 55. ಮನೆ ಅವರ ಸ್ವಯಾರ್ಜಿತ ಆಗಿರಬೇಕು, ಅಂದರೆ ಸ್ವಂತ ಗಳಿಕೆಯದು. ಅವರೇ ಅದರಲ್ಲಿ ವಾಸವಿರಬೇಕು. ಕಾಗದ ಪತ್ರ ಸ್ವಚ್ಛವಾಗಿರಬೇಕು, ಬೇರೆ ಬೋಜಾ ಇರಬಾರದು. ಕಟ್ಟಡ ಇನ್ನೂ ಕನಿಷ್ಠ 20 ವರ್ಷ ಬಾಳುವಂತಿರಬೇಕು. ಅಂಗಡಿ, ಗೋದಾಮಿನಂಥ ವ್ಯಾಪಾರದ ಕಟ್ಟಡಕ್ಕೆ ಈ ಸಾಲ ಸಿಗುವುದಿಲ್ಲ.

ದುಡ್ಡನ್ನು ತಿಂಗಳ ಕಂತಾಗಿ, ಮೂರು ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಪಡೆಯಬಹುದು. ಆಸ್ಪತ್ರೆ ಖರ್ಚಿಗೆ ಒಂದಷ್ಟನ್ನು ಒಟ್ಟಿಗೆ ಪಡೆಯಲೂ ಬರುತ್ತದೆ. ಮಾರ್ಗಸೂಚಿ ಅದಕ್ಕೆ ಅರ್ಹ ಸಾಲದ ಅರ್ಧ ಅಥವಾ 15 ಲಕ್ಷ ರೂಪಾಯಿ, ಇವೆರಡರಲ್ಲಿ ಕಡಿಮೆಯದರ ಮಿತಿ ಹಾಕಿದೆ. ಔಷಧ, ಮನೆ ರಿಪೇರಿ, ನಿತ್ಯದ ಖರ್ಚು ಯಾವುದಕ್ಕಾದರೂ ಬಳಸಬಹುದು. ಸಟ್ಟಾ, ವ್ಯಾಪಾರಕ್ಕೆ ಹಾಕುವಂತಿಲ್ಲ. ಮಗನ ಧಂಧೆಗೆ ಬಂಡವಾಳವಾಗಿ ಈ ದುಡ್ಡು ಹೋಗದಿರಲಿ ಎಂಬ ಕಾಳಜಿ ಈ ನಿಯಮದಲ್ಲಿದೆ.

ಸಾಲ ಪಡೆದವರ ಮೇಲೆ ಕೆಲವು ಹೊಣೆಗಳೂ ಇರುತ್ತವೆ. ಮನೆಪಟ್ಟಿ ಕಟ್ಟುತ್ತಿರಬೇಕು. ಸೋರಿದರೆ, ಬಿರುಕು ಬಿಟ್ಟರೆ ದುರಸ್ತಿ ಮಾಡಿಸಬೇಕು. ಬೆಂಕಿ, ಭೂಕಂಪದಂಥ ಅವಘಡಕ್ಕೆ ವಿಮೆ ಇರಬೇಕು. ಒಂದು ವರ್ಷ ಸತತ ಮನೆ ಬಿಟ್ಟಿದ್ದರೆ ಬ್ಯಾಂಕು ಸಾಲವನ್ನು ವಾಪಸು ಕೇಳಬಹುದು. ಮೊಮ್ಮಗ ಹುಟ್ಟಿದನೆಂದು ಬೆಂಗಳೂರಿಗೆ ಹೋದವರು ಅಲ್ಲೇ ವರ್ಷ ಕಳೆದುಬಿಡುವುದು ನಮ್ಮಲ್ಲಿ ಮಾಮೂಲು. ಹಾಗಾಗಿ ಈ ಷರತ್ತನ್ನು ಮರೆಯಬಾರದು.

ಸಹಿ ಮಾಡಿದ ಮೇಲೆ ಮನಸ್ಸು ಬದಲಾದರೆ ಮೂರು ದಿನದೊಳಗೆ ರದ್ದು ಮಾಡಲು ಮಾರ್ಗಸೂಚಿಯಲ್ಲಿ ಅವಕಾಶವಿದೆ.

ಒಂದು ಲೆಕ್ಕ ಹಾಕಿ ನೋಡೋಣ

ಜಮಖಂಡಿ ಪಟ್ಟಣದಲ್ಲಿ 65ರ ಹಿರಿಯರೊಬ್ಬರ ಮನೆ 40 ಲಕ್ಷ ರೂಪಾಯಿ ಬಾಳುತ್ತದೆ ಎಂದುಕೊಳ್ಳೋಣ. ಬ್ಯಾಂಕು ಪೂರ್ತಿ ಬೆಲೆಗೆ ಸಾಲ ಕೊಡುವುದಿಲ್ಲ. ಅವಧಿ ಮುಗಿಯುವ ಹೊತ್ತಿಗೆ ಅಸಲು, ಬಡ್ಡಿ ಸೇರಿ ಬೆಲೆಯ ಶೇ 60, ಅಂದರೆ 24 ಲಕ್ಷ ಮುಟ್ಟುವಂತೆ ಕಂತು ಗೊತ್ತುಮಾಡಿತು ಎನ್ನೋಣ. ಬಡ್ಡಿ ವರ್ಷಕ್ಕೆ ಶೇ 10, ತಿಂಗಳಿಗೊಮ್ಮೆ ಚಕ್ರಬಡ್ಡಿ, ಅವಧಿ 15 ವರ್ಷ.

ಈ ಲೆಕ್ಕಕ್ಕೆ ತಿಂಗಳಿಗೆ ಕೈಗೆ ಬರುವುದು ಸುಮಾರು 5,790 ರೂಪಾಯಿ.

ಐದು ವರ್ಷಕ್ಕೆ ಅವರು ಪಡೆದದ್ದು ಸುಮಾರು 3 ಲಕ್ಷ 47 ಸಾವಿರ, ಸಾಲ ನಿಂತದ್ದು 4 ಲಕ್ಷ 48 ಸಾವಿರ. ಹತ್ತು ವರ್ಷಕ್ಕೆ ಪಡೆದದ್ದು 6 ಲಕ್ಷ 95 ಸಾವಿರ, ಸಾಲ 11 ಲಕ್ಷ 86 ಸಾವಿರ. ಹದಿನೈದಕ್ಕೆ ಪಡೆದದ್ದು 10 ಲಕ್ಷ 42 ಸಾವಿರ, ಸಾಲ 24 ಲಕ್ಷ. ಮೊದಲ ಐದು ವರ್ಷದಲ್ಲಿ ಬಡ್ಡಿ ಒಂದು ಲಕ್ಷದ ಆಸುಪಾಸು. ಕೊನೆಯ ಐದು ವರ್ಷದಲ್ಲೇ ಎಂಟೂವರೆ ಲಕ್ಷಕ್ಕೂ ಹೆಚ್ಚು. ಹಗೇವಿನಿಂದ ನಾವು ಸೇರಿನಲ್ಲಿ ತೆಗೆದರೆ ಬ್ಯಾಂಕಿನ ಬಡ್ಡಿ ಮೊದಲು ಚಟಾಕಿನಲ್ಲಿ, ಬರಬರುತ್ತ ಚೀಲದಲ್ಲಿ ತೆಗೆಯುತ್ತದೆ.

ಅವಧಿ ಹೆಚ್ಚಿಸಿದರೆ ಕಂತು ಕುಗ್ಗುತ್ತದೆ. ಇದೇ ಮನೆಗೆ 20 ವರ್ಷದ ಅವಧಿ ಇಟ್ಟರೆ ತಿಂಗಳಿಗೆ ಸುಮಾರು 3,160 ರೂಪಾಯಿ ಮಾತ್ರ. ಬಡ್ಡಿ ದರ ಏರಿದರೆ ಇನ್ನೂ ಕಡಿಮೆ.

ಇದು ದೊಡ್ಡ ಮೊತ್ತವೇನಲ್ಲ. ಆದರೂ 65 ದಾಟಿದ ಬಡ ಹಿರಿಯರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಸಿಗುವುದು ತಿಂಗಳಿಗೆ 1,200 ರೂಪಾಯಿ. ಅದರ ಪಕ್ಕದಲ್ಲಿ ಇಟ್ಟು ನೋಡಿದರೆ ಐದಾರು ಸಾವಿರದ ತೂಕ ತಿಳಿಯುತ್ತದೆ. ಔಷಧ, ಗ್ಯಾಸ್ ಸಿಲಿಂಡರ್, ಕರೆಂಟ್ ಬಿಲ್ಲು ಯಾರನ್ನೂ ಕೇಳದೆ ನಡೆಯುತ್ತವೆ.

ಕಂತು ನಿಂತ ಮೇಲೆ

ಹಲವರು ಗಮನಿಸದೆ ಬಿಡುವ ಅಂಶ ಒಂದಿದೆ. ಅವಧಿ ಮುಗಿದರೆ ಕಂತು ನಿಲ್ಲುತ್ತದೆ. ಹಿರಿಯರು ಮನೆಯಲ್ಲೇ ಇರಬಹುದು, ಯಾರೂ ಎಬ್ಬಿಸುವುದಿಲ್ಲ. ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಮೇಲಿನ ಉದಾಹರಣೆಯ 24 ಲಕ್ಷ ಮತ್ತೆ ಐದು ವರ್ಷಕ್ಕೆ 39 ಲಕ್ಷ ದಾಟುತ್ತದೆ. 65ಕ್ಕೆ ಶುರುಮಾಡಿದವರಿಗೆ 80ಕ್ಕೆ ಕಂತು ನಿಂತಿರುತ್ತದೆ. ಔಷಧ, ಆರೈಕೆ ಹೆಚ್ಚು ಬೇಕಾಗುವುದೇ ಆ ವಯಸ್ಸಿನಲ್ಲಿ. ಹಾಗಾಗಿ ಬೇರೆ ಆಸರೆ ಇರುವವರು 60ಕ್ಕೇ ಅವಸರ ಮಾಡದೆ 70 ದಾಟುವವರೆಗೆ ಕಾಯುವುದು ಒಳ್ಳೆಯದು. ವಯಸ್ಸು ಹೆಚ್ಚಾದಷ್ಟೂ ಬ್ಯಾಂಕು ಮನೆಯ ಬೆಲೆಯ ಹೆಚ್ಚಿನ ಪಾಲಿಗೆ ಸಾಲ ಕೊಡುತ್ತದೆ.

ಈ ಕೊರತೆ ತುಂಬಲು 2009ರಲ್ಲಿ ಇನ್ನೊಂದು ಬಗೆ ಬಂತು. ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಮತ್ತು ಸ್ಟಾರ್ ಯೂನಿಯನ್ ದಾಯಿ-ಇಚಿ ಜೀವವಿಮಾ ಸಂಸ್ಥೆ ರಾಷ್ಟ್ರೀಯ ವಸತಿ ಬ್ಯಾಂಕಿನೊಂದಿಗೆ ಸೇರಿ ತಂದ ಯೋಜನೆಯದು. ಬ್ಯಾಂಕು ಸಾಲದ ಮೊತ್ತವನ್ನು ವಿಮಾ ಸಂಸ್ಥೆಗೆ ಕೊಡುತ್ತದೆ, ವಿಮಾ ಸಂಸ್ಥೆ ಹಿರಿಯರಿಗೆ ಉಸಿರಿರುವವರೆಗೆ ಪಿಂಚಣಿ ಕೊಡುತ್ತದೆ.

ಇಂಥ ವ್ಯವಹಾರದಲ್ಲಿ ಆಯುಷ್ಯವೇ ದೊಡ್ಡ ಲೆಕ್ಕ ಎಂಬುದಕ್ಕೆ ಫ್ರಾನ್ಸಿನ ಕಥೆಯೊಂದಿದೆ. ಅಲ್ಲಿ ಮಾಲೀಕರು ಸಾಯುವವರೆಗೆ ತಿಂಗಳಿಗಿಷ್ಟು ಕೊಟ್ಟು, ಆಮೇಲೆ ಮನೆ ಪಡೆಯುವ ಹಳೆಯ ಪದ್ಧತಿ ಇದೆ. ಆರ್ಲ್ ಊರಿನ ಜೀನ್ ಕಾಲ್ಮಾಂ ಎಂಬ ತೊಂಬತ್ತರ ಅಜ್ಜಿಯ ಜತೆ 1965ರಲ್ಲಿ ವಕೀಲ ಆಂದ್ರೆ-ಫ್ರಾನ್ಸ್ವಾ ರಾಫ್ರೇ ಇಂಥ ಒಪ್ಪಂದ ಮಾಡಿಕೊಂಡು ತಿಂಗಳಿಗೆ 2,500 ಫ್ರಾಂಕ್ ಕೊಡತೊಡಗಿದರು. ಮೂವತ್ತು ವರ್ಷ ಕೊಟ್ಟು 1995ರಲ್ಲಿ ವಕೀಲರೇ ತೀರಿಕೊಂಡರು. ಆಮೇಲೆ ಅವರ ಮನೆಯವರು ಕೊಡಬೇಕಾಯಿತು. ಅಜ್ಜಿ 1997ರಲ್ಲಿ 122ನೇ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ಕಂತಿಗೆ ಅವಧಿ ಹಾಕುವುದರ ಹಿಂದೆ ಇರುವುದು ಈ ಅಂಜಿಕೆಯೇ. ಹಿರಿಯರು ಎಷ್ಟು ಕಾಲ ಬಾಳುತ್ತಾರೋ ಯಾರಿಗೂ ಗೊತ್ತಿಲ್ಲ.

ನಮ್ಮ ಭಾಗದ ಗಂಟುಗಳು

ದೆಹಲಿಯಲ್ಲಿ ಬರೆದ ಮಾರ್ಗಸೂಚಿ ಸಾವಳಗಿಯ ಓಣಿಗೆ ಬಂದಾಗ ಕಾಲಿಗೆ ತೊಡರುವ ಮೊದಲ ಗಂಟು ಉತಾರ. ಊರೊಳಗಿನ ಎಷ್ಟೋ ಮನೆಗಳು ಇಂದಿಗೂ ಅಜ್ಜನ ಹೆಸರಿನಲ್ಲಿವೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ವಾಟ್ನಿ ಮಾಡಿಕೊಂಡು, ನಡುವೆ ಗೋಡೆ ಎಬ್ಬಿಸಿ, ಮೂವತ್ತು ವರ್ಷ ಕಳೆದಿರುತ್ತಾರೆ. ಬ್ಯಾಂಕಿನ ವಕೀಲರ ಮುಂದೆ ಆ ಗೋಡೆ ಸಾಕ್ಷಿ ಹೇಳುವುದಿಲ್ಲ. ಹಳ್ಳಿಯ ಮನೆಗೆ ಗ್ರಾಮ ಪಂಚಾಯ್ತಿಯ ಇ-ಸ್ವತ್ತು ದಾಖಲೆ, ನಮೂನೆ 9 ಮತ್ತು 11 ಬೇಕು. ಪಟ್ಟಣದಲ್ಲಿ ಸಿಟಿ ಸರ್ವೆ ಉತಾರ, ಇ-ಖಾತೆ ಬೇಕು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಹಳ್ಳಿಯ ವಾಸದ ಜಾಗ ಅಳೆದು ಆಸ್ತಿ ಕಾರ್ಡ್ ಕೊಡುವ ಕೆಲಸದಿಂದ ಈ ಗಂಟು ಕೆಲವೆಡೆ ಸಡಿಲಾಗಬಹುದು.

ಎರಡನೆಯದು ತೋಟದ ಮನೆ. ಕಬ್ಬು, ದ್ರಾಕ್ಷಿಯ ಈ ಸೀಮೆಯಲ್ಲಿ ಊರು ಬಿಟ್ಟು ತೋಟದಲ್ಲೇ ವಸ್ತಿ ಮಾಡಿದ ಕುಟುಂಬಗಳು ಬಹಳ. ಕಟ್ಟಿದ್ದು ಚೊಕ್ಕ ಬಂಗಲೆಯೇ ಇರಬಹುದು. ಆದರೆ ಅದು ನಿಂತದ್ದು ಹೊಲದ ಸರ್ವೆ ನಂಬರಿನಲ್ಲಿ. ಬಿನ್‌ಶೇತ್ಕಿ ಆಗದ ಭೂಮಿಯ ಮೇಲಿನ ಮನೆಗೆ ಈ ಸಾಲ ಸಿಗುವುದು ಕಷ್ಟ. ಹೊಲಕ್ಕಂತೂ ಇದು ಅನ್ವಯಿಸುವುದೇ ಇಲ್ಲ.

ರಬಕವಿ-ಬನಹಟ್ಟಿಯಲ್ಲಿ ಮುಂದಿನ ಖೋಲಿಯಲ್ಲಿ ಮಗ್ಗ, ಹಿಂದೆ ಸಂಸಾರ. ನೇಕಾರರಿಗೆ ಮನೆಯೇ ಕಾರ್ಖಾನೆ. ಪವರ್‌ಲೂಮು ಸದ್ದು ಮಾಡುವ ಕಟ್ಟಡವನ್ನು ವಾಸದ ಮನೆ ಎನ್ನಬೇಕೋ ಉದ್ಯೋಗದ ಜಾಗ ಎನ್ನಬೇಕೋ ಎಂಬ ಪ್ರಶ್ನೆ ಏಳುತ್ತದೆ. ಮಗ್ಗ ನಿಂತ ಮೇಲೂ ಕಾಗದದಲ್ಲಿ ಆ ಬಳಕೆ ಹಾಗೇ ಉಳಿದಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.

ಬೀಳಗಿ ಮತ್ತು ನದಿದಂಡೆಯ ಊರುಗಳ ಗಂಟು ನೀರಿನದು. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದವರ ಕೈಯಲ್ಲಿರುವುದು ಹಕ್ಕುಪತ್ರ. ಅದರಲ್ಲಿ ಮಾರಾಟಕ್ಕೆ, ಅಡವಿಗೆ ಷರತ್ತು ಇದೆಯೇ ಎಂದು ಓದಿಸಿ ನೋಡಬೇಕು. ಇನ್ನು ಅಣೆಕಟ್ಟಿನ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಮುಳುಗಡೆಯ ಅಂಚಿನಲ್ಲಿರುವ ಮನೆಯನ್ನು ಇಪ್ಪತ್ತು ವರ್ಷದ ಸಾಲಕ್ಕೆ ಒಪ್ಪಿಕೊಳ್ಳಲು ಯಾವ ಬ್ಯಾಂಕೂ ಹಿಂದೆಮುಂದೆ ನೋಡುತ್ತದೆ.

ಬೆಲೆ ಕಟ್ಟುವುದೂ ಸುಲಭವಲ್ಲ. ಪಟ್ಟಣದ ಬಡಾವಣೆಯಲ್ಲಿ ಮನೆಗಳ ಖರೀದಿ-ವಿಕ್ರಿ ನಡೆಯುತ್ತಿರುತ್ತದೆ, ದರ ಗೊತ್ತಾಗುತ್ತದೆ. ಹಳ್ಳಿಯ ಹಳೇ ಓಣಿಯಲ್ಲಿ ಮನೆ ಮಾರುವುದೇ ಅಪರೂಪ, ಕೊಳ್ಳುವವರೂ ಹೆಚ್ಚಾಗಿ ಪಕ್ಕದ ಮನೆಯ ಭಾವಬಂಧುಗಳೇ. ಮಣ್ಣಿನ ಮೇಲ್ಮುದ್ದೆಯ ಮನೆ ಬೇಸಿಗೆಯಲ್ಲಿ ಎಷ್ಟು ತಂಪಾಗಿದ್ದರೂ ಇಪ್ಪತ್ತು ವರ್ಷದ ಬಾಳಿಕೆಯ ಪ್ರಮಾಣಪತ್ರ ಅದಕ್ಕೆ ಸಿಗಲಾರದು. ಸದ್ಯಕ್ಕೆ ಈ ಯೋಜನೆ ಸಲ್ಲುವುದು ಜಮಖಂಡಿ, ಮುಧೋಳ, ಬನಹಟ್ಟಿಯಂಥ ಪಟ್ಟಣಗಳಲ್ಲಿ ಬಿನ್‌ಶೇತ್ಕಿ ಪ್ಲಾಟ್ ಕೊಂಡು ಸ್ವಂತ ಮನೆ ಕಟ್ಟಿದ ನಿವೃತ್ತ ಶಿಕ್ಷಕರು, ನೌಕರರು, ವ್ಯಾಪಾರಿಗಳಂಥವರಿಗೆ.

ಅವ್ವನ ಹೆಸರು, ಎಲ್ಲರ ಪಾಲು

ಹೆಚ್ಚು ಕಷ್ಟದಲ್ಲಿರುವವರು ಒಂಟಿ ತಾಯಂದಿರು. ಅವರಿಗೇ ಈ ದಾರಿ ಹೆಚ್ಚು ಕಠಿಣ. ಗಂಡ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಆತನ ಸ್ವಂತ ಗಳಿಕೆಯ ಮನೆಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ವಾರಸಾ ಮಾಡಿಸುವಾಗ ಅವ್ವನ ಹೆಸರೊಂದನ್ನೇ ಹಾಕಿಸಿದ್ದರೂ ಮನೆ ಆಕೆಯೊಬ್ಬಳದೇ ಆಗುವುದಿಲ್ಲ. ಮಕ್ಕಳು ಹಕ್ಕುಬಿಟ್ಟ ಪತ್ರ ಬರೆದು ನೋಂದಾಯಿಸಿ ಕೊಟ್ಟರೆ ಮಾತ್ರ ಆಕೆ ಅದರ ಮೇಲೆ ಸಾಲ ಪಡೆಯಬಲ್ಲಳು.

ಪಿತ್ರಾರ್ಜಿತ ಮನೆಯಲ್ಲಂತೂ ಮಗ ಹುಟ್ಟುತ್ತಲೇ ಪಾಲುದಾರ. 2005ರ ತಿದ್ದುಪಡಿಯಿಂದ ಮಗಳೂ ಹಾಗೆಯೇ. 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಗಟ್ಟಿ ಮಾಡಿತು.

ಇದಕ್ಕೆ ಮದ್ದು ಗಂಡ ಹೆಂಡತಿ ಇಬ್ಬರೂ ಬದುಕಿರುವಾಗಲೇ ಇದೆ. ಮನೆ ಕೊಳ್ಳುವಾಗ ಇಬ್ಬರ ಹೆಸರಿನಲ್ಲೂ ಖರೀದಿ ಮಾಡಬೇಕು. ಈಗಾಗಲೇ ಇರುವ ಸ್ವಯಾರ್ಜಿತ ಮನೆಗೆ, ನನ್ನ ನಂತರ ಇದು ನನ್ನ ಹೆಂಡತಿಗೆ ಎಂದು ಮೃತ್ಯುಪತ್ರ ಬರೆದಿಡಬೇಕು. ಎರಡು ಸಾಕ್ಷಿಗಳ ಸಹಿಯ ಈ ಕಾಗದಕ್ಕೆ ಹೆಚ್ಚು ಖರ್ಚಿಲ್ಲ. ಅದನ್ನು ಬರೆಯುವುದು ಅಪಶಕುನವೆಂದು ಮುಂದೂಡಿದ ಎಷ್ಟೋ ಮನೆಗಳಲ್ಲಿ ಅವ್ವಂದಿರು ತಾವೇ ನೀರು ಹಾಕಿ ಕ್ಯೂರಿಂಗ್ ಮಾಡಿದ ಗೋಡೆಗಳ ನಡುವೆ ಪರರಂತೆ ಕೂತಿದ್ದಾರೆ.

ಬಕ್ಷೀಸ ಪತ್ರದ ಅವಸರ

ಕೈಯಾರೆ ಹಗೇವನ್ನು ಬೇರೆಯವರಿಗೆ ಒಪ್ಪಿಸಿಬಿಡುವ ಇನ್ನೊಂದು ರೂಢಿ ಇದೆ. ‘ನಾವಿರೂದು ಇನ್ನೆಷ್ಟು ದಿನಾ, ಹುಡುಗನ ಹೆಸರಿಗೆ ಮಾಡಿಬಿಡೂನು’ ಎಂದು ಅರವತ್ತೈದಕ್ಕೇ ಬಕ್ಷೀಸ ಪತ್ರ ಬರೆದುಕೊಡುವುದು. ಹೆಚ್ಚಿನ ಮಕ್ಕಳು ಒಳ್ಳೆಯವರೇ. ಆದರೆ ಮಗನ ಸಾಲ, ಮಗನ ಕಾಯಿಲೆ, ಮಗನ ಅಕಾಲ ಮರಣ ಇವು ಯಾರ ಕೈಯಲ್ಲೂ ಇಲ್ಲ. ಪತ್ರ ನೋಂದಣಿಯಾದ ಮರುದಿನದಿಂದ ಕಾನೂನಿನ ಕಣ್ಣಿಗೆ ಹಿರಿಯರು ಆ ಮನೆಯ ಅತಿಥಿಗಳು.

2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಇಲ್ಲಿ ಒಂದು ಬೇಲಿ ಹಾಕಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ, ಅದರ 23ನೇ ಕಲಮಿನಡಿ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. ಈ ಭಾಗದವರಿಗೆ ಆ ಕಚೇರಿ ಜಮಖಂಡಿಯಲ್ಲೇ ಇದೆ. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಬ್ಬ ತಾಯಿ ಮಗನಿಗೆ ಕೊಟ್ಟ ಆಸ್ತಿಯನ್ನು ಆಕೆಗೇ ಮರಳಿಸಿತು. ಷರತ್ತು ಬಾಯಿಮಾತಿನಲ್ಲಿದ್ದರೆ ಸಾಬೀತು ಮಾಡುವುದು ಕಷ್ಟ. ಕೊಡಲೇಬೇಕೆಂದಿದ್ದರೆ ಊಟ, ವಸತಿ, ಔಷಧದ ಹೊಣೆಯನ್ನು ಪತ್ರದಲ್ಲೇ ಬರೆಸಿ.

ಮಕ್ಕಳಿಗೆ ಕೊಡಲು ಮೃತ್ಯುಪತ್ರವೇ ಸಾಕು. ಅದು ಜಾರಿಯಾಗುವುದು ನಮ್ಮ ನಂತರ, ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು.

ಮಕ್ಕಳ ಜತೆ ಮಾತು

ಈ ಯೋಜನೆ ದೇಶದಲ್ಲಿ ಹೆಚ್ಚು ಹಬ್ಬದಿರುವುದಕ್ಕೆ ಕಾಗದದ ತೊಡಕಿನಷ್ಟೇ ಮನಸ್ಸಿನ ತೊಡಕೂ ಕಾರಣ. ಮನೆ ಗಹಾಣ ಇಟ್ಟರೆ ‘ಮಕ್ಕಳು ನೋಡ್ಕೊಳ್ಳಲಿಲ್ಲೇನು’ ಎಂದು ಓಣಿ ಕೇಳುತ್ತದೆ ಎಂಬ ಸಂಕೋಚ ಅಪ್ಪನಿಗೆ. ಮನೆ ನಮ್ಮದೇ ಎಂದುಕೊಂಡಿದ್ದೆವಲ್ಲ ಎಂಬ ಕಸಿವಿಸಿ ಮಕ್ಕಳಿಗೆ. ಎರಡೂ ಸಹಜ.

ಆದರೆ ಬೆಂಗಳೂರಲ್ಲಿ ಬಾಡಿಗೆ, ಸ್ಕೂಲ್ ಫೀಸು, ತನ್ನದೇ ಮನೆಸಾಲದಲ್ಲಿ ನಜ್ಜುಗುಜ್ಜಾದ ಮಗನಿಗೂ ಇದು ಹಗುರ ತರಬಹುದು. ಇನ್ನೂ ಸುಲಭದ ದಾರಿಯೊಂದನ್ನು ಮಕ್ಕಳೇ ಹಾಕಿಕೊಡಬಹುದು. ಬ್ಯಾಂಕಿನ ಬದಲು ಮೂವರು ಮಕ್ಕಳು ಕೂಡಿ ತಿಂಗಳಿಗೆ ಆರು ಸಾವಿರ ತಂದೆತಾಯಿಯ ಖಾತೆಗೆ ತಪ್ಪದೆ ಹಾಕಿದರೆ ಅದು ಬಡ್ಡಿಯಿಲ್ಲದ ರಿವರ್ಸ್ ಮಾರ್ಟ್‌ಗೇಜ್. ಮನೆ ಹೇಗಿದ್ದರೂ ಮುಂದೆ ಅವರದೇ. ಕಂತಿನಂತೆ ತಾರೀಖಿಗೆ ಸರಿಯಾಗಿ ಬರಬೇಕು, ಕೇಳಿಸಿಕೊಂಡು ಕೊಡುವಂತಿರಬಾರದು.

ಬೇರೆ ದಾರಿಗಳೂ ಇವೆ

ಮನೆ ದೊಡ್ಡದಿದ್ದರೆ ಒಂದು ಭಾಗ ಬಾಡಿಗೆಗೆ ಕೊಡುವುದು ಎಲ್ಲಕ್ಕಿಂತ ಸರಳ. ಆದರೆ ರಿವರ್ಸ್ ಮಾರ್ಟ್‌ಗೇಜ್ ಮಾಡಿದ ಮೇಲೆ ಬಾಡಿಗೆಗೆ ಕೊಡಲು ಬ್ಯಾಂಕಿನ ಒಪ್ಪಿಗೆ ಬೇಕಾಗಬಹುದು, ಮೊದಲೇ ಕೇಳಿಕೊಳ್ಳಿ.

ದೊಡ್ಡ ಮನೆ ಮಾರಿ ಸಣ್ಣ ಮನೆ ಕೊಂಡು ಉಳಿದದ್ದನ್ನು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಬಹುದು. ಈಚಿನ ವರ್ಷಗಳಲ್ಲಿ ಅದರ ಬಡ್ಡಿ ವರ್ಷಕ್ಕೆ ಶೇ 8.2, ಮಿತಿ 30 ಲಕ್ಷ. ಅದಕ್ಕೆ 15 ಲಕ್ಷ ಹಾಕಿದರೆ ಮೂರು ತಿಂಗಳಿಗೊಮ್ಮೆ 30,750 ರೂಪಾಯಿ, ಅಂದರೆ ತಿಂಗಳಿಗೆ ಹತ್ತು ಸಾವಿರಕ್ಕೂ ಹೆಚ್ಚು ಬರುತ್ತದೆ, ಅಸಲು ಹಾಗೇ ಉಳಿಯುತ್ತದೆ. ಬರೀ ಲೆಕ್ಕದಲ್ಲಿ ಇದೇ ಲಾಭ. ಆದರೆ ಎಪ್ಪತ್ತರಲ್ಲಿ ಓಣಿ ಬದಲಿಸುವುದೆಂದರೆ ನೆರೆಮನೆಯವರನ್ನೂ ದಿನಾ ಹೋಗುವ ಗುಡಿಯನ್ನೂ ಬಿಟ್ಟು ಹೊಸದಾಗಿ ಬೇರು ಬಿಡುವುದು. ಆ ಬೆಲೆ ಯಾವ ಲೆಕ್ಕದಲ್ಲೂ ಬರುವುದಿಲ್ಲ. ರಿವರ್ಸ್ ಮಾರ್ಟ್‌ಗೇಜಿನ ಬಡ್ಡಿ ದುಬಾರಿ ಎನಿಸಿದರೂ ಅದು ಉಳಿಸಿಕೊಡುವುದು ಈ ಬೇರನ್ನು.

ದೀಪ ಇಳಿಬಿಡುವ ಕ್ರಮ

ಹಗೇವಿನ ಬಾಯಿ ತೆರೆದ ಕೂಡಲೇ ಹಳಬರು ಒಳಗೆ ಇಳಿಯುತ್ತಿರಲಿಲ್ಲ. ವರ್ಷಗಟ್ಟಲೆ ಮುಚ್ಚಿದ ಗಾಳಿ ಉಸಿರು ಕಟ್ಟಿಸಿ ಕೊಲ್ಲುತ್ತದೆಂದು ಅವರಿಗೆ ಗೊತ್ತಿತ್ತು. ಬಾಯಿ ತೆರೆದು ಬಿಡುತ್ತಿದ್ದರು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ನಂದದೆ ಉರಿದರೆ ಆಮೇಲೆ ಆಳು.

ಮನೆಯ ಮೇಲೆ ಸಾಲ ಪಡೆಯುವ ಮೊದಲೂ ಹೀಗೇ ದೀಪ ಇಳಿಬಿಡಬೇಕು. ಈ ಮನೆ ನಿಜಕ್ಕೂ ಯಾರದು, ಪಾಲುದಾರರು ಯಾರ್‍ಯಾರು? ಕಂತು ಎಷ್ಟು ವರ್ಷ ಬರುತ್ತದೆ, ನಿಂತ ಮೇಲೆ ಏನು? ಬಡ್ಡಿ ದರ ನಡುವೆ ಬದಲಾಗುತ್ತದೆಯೇ? ಮನೆಯ ಬೆಲೆಯನ್ನು ಐದು ವರ್ಷಕ್ಕೊಮ್ಮೆ ಮರಳಿ ಕಟ್ಟುವಾಗ ಕಂತು ಏರುತ್ತದೋ ಇಳಿಯುತ್ತದೋ? ನನ್ನ ನಂತರ ಹೆಂಡತಿಗೆ ಕಂತು ಮುಂದುವರಿಯುತ್ತದೆಯೇ? ಇಷ್ಟಕ್ಕೂ ಬ್ಯಾಂಕಿನಿಂದ ಬರಹದಲ್ಲಿ ಉತ್ತರ ಪಡೆಯಿರಿ. ಕಾಗದವನ್ನು ಬ್ಯಾಂಕಿನವರಲ್ಲದ ವಕೀಲರೊಬ್ಬರಿಗೆ ತೋರಿಸಿ. ಯಾರಾದರೂ ಸಹಿಗೆ ಒತ್ತಾಯಿಸಿದರೆ, ಮನೆಯಲ್ಲೇ ಕಿರುಕುಳವಿದ್ದರೆ, ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

2011ರ ಜನಗಣತಿಯಲ್ಲೇ ಕರ್ನಾಟಕದ ಜನರಲ್ಲಿ ಶೇ 9.5ರಷ್ಟು ಮಂದಿ 60 ದಾಟಿದ್ದರು. ಈಗ ಆ ಪಾಲು ಇನ್ನೂ ದೊಡ್ಡದು. ಇವರಲ್ಲಿ ರಿವರ್ಸ್ ಮಾರ್ಟ್‌ಗೇಜ್ ಪಡೆಯುವವರು ಕೆಲವರೇ ಇರಬಹುದು. ಆದರೆ ಅದು ಕೇಳುವ ಮೊದಲ ಷರತ್ತು ಎಲ್ಲ ಹಿರಿಯರಿಗೂ ಬೇಕಾದದ್ದು: ಮನೆ ನಿಮ್ಮ ಹೆಸರಿನಲ್ಲಿರಲಿ, ಕಾಗದ ಸ್ವಚ್ಛವಿರಲಿ. ಹಾಗಿದ್ದರೆ ಬಾಡಿಗೆ, ಮಾರಾಟ, ಸಾಲ, ಮೃತ್ಯುಪತ್ರ ಯಾವ ದಾರಿಯನ್ನಾದರೂ ನೀವೇ ಆರಿಸಿಕೊಳ್ಳಬಹುದು.

ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಉತಾರವಿದೆಯಲ್ಲ, ಈ ಭಾನುವಾರ ಅದನ್ನು ಹೊರಗೆ ತೆಗೆಯಿರಿ. ಗಂಡ ಹೆಂಡತಿ ಇಬ್ಬರೂ ಕಟ್ಟೆಯ ಮೇಲೆ ಕೂತು, ಅದರಲ್ಲಿ ಯಾರ ಹೆಸರಿದೆ ಎಂದು ಓದಿ ನೋಡಿ.